ಡೇಟಾಬೇಸಿನಲ್ಲಿ ಕೆಟ್ಟುಹೋದ ಕನ್ನಡ ಅಕ್ಷರಗಳನ್ನು ಸರಿಪಡಿಸುವುದು

ಹಳೆಯ ಮೈಎಸ್‌ಕ್ಯೂಎಲ್ ತಾಣವನ್ನು ಹೊಸ ಸರ್ವರಿಗೆ ಸಾಗಿಸಿದ ಮೇಲೆ ಕನ್ನಡ ಹೋಗಿ, ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’ ಮತ್ತು ಪುಟ್ಟ 2, 3 ಅಂಕಿಗಳ ಸಾಲು ಕಂಡರೆ ಗಾಬರಿಯಾಗಬೇಡಿ. ಬೈಟ್‌ಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಬೈಟ್‌ಗಳನ್ನು ಲ್ಯಾಟಿನ್1 (ಪಶ್ಚಿಮ ಯೂರೋಪಿನ ಭಾಷೆಗಳ ಹಳೆಯ ಕ್ರಮ) ಎಂದು ಓದಿದ್ದರ ಫಲ ಅದು.

ಮೊದಲು ಪೂರ್ತಿ ಬ್ಯಾಕಪ್ ತೆಗೆದು, ಮುಂದಿನ ಕೆಲಸವನ್ನೆಲ್ಲ ಪ್ರತಿಯ ಮೇಲೆ ಮಾಡಿ. ಪರದೆಯನ್ನು ನಂಬಬೇಡಿ, ಬೈಟ್‌ಗಳನ್ನು ಹದಿನಾರರ ಅಂಕಿಗಳಲ್ಲಿ ತೋರಿಸುವ ‘ಹೆಕ್ಸ್’ ಫಂಕ್ಷನ್ ಬಳಸಿ ಕಾಲಂನಲ್ಲಿ ನಿಜವಾಗಿ ಏನಿದೆ ನೋಡಿ. ‘ಕ’ ಅಕ್ಷರಕ್ಕೆ ‘ಇ0 ಬಿ2 95’ ಬಂದರೆ ಬೈಟ್ ಸರಿ. ‘ಸಿ3 ಎ0 ಸಿ2 ಬಿ2 ಇ2 80 ಎ2’ ಬಂದರೆ ಎರಡು ಸಲ ಎನ್‌ಕೋಡ್ ಆಗಿದೆ, ಅಂದರೆ ತಪ್ಪಾಗಿ ಓದಿದ ಅಕ್ಷರಗಳನ್ನೇ ಮತ್ತೆ ಯುಟಿಎಫ್-8 ಬೈಟ್‌ಗಳಾಗಿ ಬರೆಯಲಾಗಿದೆ. ಬರೀ ‘3ಎಫ್’ ಇದ್ದರೆ ಅಲ್ಲಿರುವುದು ಪ್ರಶ್ನಾರ್ಥಕ ಚಿಹ್ನೆಯೇ. ಪಠ್ಯ ಅಳಿದಿದೆ, ಹಳೆಯ ಬ್ಯಾಕಪ್ ಬಿಟ್ಟರೆ ದಾರಿಯಿಲ್ಲ.

ಬೈಟ್ ಸರಿಯಿದ್ದು ಕಾಲಂ ಲ್ಯಾಟಿನ್1 ಆಗಿದ್ದರೆ ಎರಡು ಹೆಜ್ಜೆ. ‘ಆಲ್ಟರ್ ಟೇಬಲ್ ಮಾಡಿಫೈ’ ಮೂಲಕ ಟೆಕ್ಸ್ಟ್ ಅನ್ನು ಬರೀ ಬೈಟ್‌ಗಳನ್ನಿಡುವ ಬ್ಲಾಬ್‌ಗೆ (ವಾರ್‌ಕ್ಯಾರ್ ಆದರೆ ಅಷ್ಟೇ ಅಳತೆಯ ವಾರ್‌ಬೈನರಿಗೆ) ಬದಲಿಸಿ, ಬಳಿಕ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಇರುವ ಟೆಕ್ಸ್ಟ್‌ಗೆ ಮರಳಿಸಿ. ‘ನಾಟ್ ನಲ್’, ‘ಡಿಫಾಲ್ಟ್’ಗಳನ್ನು ಮತ್ತೆ ಬರೆಯದಿದ್ದರೆ ಹೋಗುತ್ತವೆ. ಫುಲ್‌ಟೆಕ್ಸ್ಟ್ ಇಂಡೆಕ್ಸನ್ನು ಮೊದಲೇ ತೆಗೆಯಿರಿ. ಇಲ್ಲಿ ‘ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್’ ಬಳಸಲೇಬೇಡಿ. ಅದರಿಂದ ಪಠ್ಯ ಎರಡು ಸಲ ಎನ್‌ಕೋಡ್ ಆಗುತ್ತದೆ. ಎರಡನೇ ಹೆಜ್ಜೆಯಲ್ಲಿ ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಬಂದರೆ ಸಾಲಿನ ಕೊನೆ ನೋಡಿ: ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಲ್ಯಾಟಿನ್1ರ 255ರ ಕಾಲಂನಲ್ಲಿ 85 ಮಾತ್ರ ಹಿಡಿಯುತ್ತವೆ, ಉದ್ದದ ಶೀರ್ಷಿಕೆ ಅಕ್ಷರದ ನಡುವೆಯೇ ತುಂಡಾಗಿರಬಹುದು. ಅರ್ಧ ಉಳಿದ ಆ ಅಕ್ಷರದ ಬೈಟ್‌ಗಳನ್ನು ಕತ್ತರಿಸಿ ಮುಂದುವರಿಯಿರಿ.

ಎರಡು ಸಲ ಎನ್‌ಕೋಡ್ ಆಗಿದ್ದರೆ ಪಠ್ಯವನ್ನು ಲ್ಯಾಟಿನ್1ಗೆ ಕನ್ವರ್ಟ್ ಮಾಡಿ, ಬೈನರಿಗೆ ಕ್ಯಾಸ್ಟ್ ಮಾಡಿ, ಅದನ್ನು ಯುಟಿಎಫ್8ಎಂಬಿ4 ಎಂದು ಕನ್ವರ್ಟ್ ಮಾಡಿ. ಮೊದಲು ‘ಸೆಲೆಕ್ಟ್’ನಲ್ಲಿ ನೋಡಿ, ಆಮೇಲೆ ‘ಅಪ್‌ಡೇಟ್’. ‘ವೇರ್’ ಷರತ್ತು ಇಲ್ಲಿ ಪ್ರಾಣದಷ್ಟು ಮುಖ್ಯ: ಹೆಕ್ಸ್‌ನಲ್ಲಿ ‘ಸಿ3ಎ0ಸಿ2ಬಿ’ ಇದ್ದು, ‘ಇ0ಬಿ2’, ‘ಇ0ಬಿ3’ ಇಲ್ಲದ ಸಾಲುಗಳನ್ನಷ್ಟೇ ಆರಿಸಿ. ಸರಿಯಾದ ಕನ್ನಡ ಸಾಲಿಗೆ ಇದೇ ಪರಿವರ್ತನೆ ಮಾಡಿದರೆ ಅದು ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ.

ಈ ಕೆಲಸವನ್ನು ಡೇಟಾಬೇಸಿನೊಳಗೇ ಮಾಡಿ ಎನ್ನಲು ಕನ್ನಡದ್ದೇ ಕಾರಣವೊಂದಿದೆ. ಹಲಂತ ಚಿಹ್ನೆ ‘್’ನ ಕೊನೆಯ ಬೈಟ್ 8ಡಿ, ಉಕಾರ ‘ು’ನದ್ದು 81. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1ಕ್ಕೆ ಆಧಾರವಾದ ವಿಂಡೋಸ್-1252ರಲ್ಲಿ ಇವೆರಡಕ್ಕೂ ಅಕ್ಷರವಿಲ್ಲ. ಪೈಥಾನ್ ಭಾಷೆಯಲ್ಲಿ ಸಿಪಿ1252 ಎಂಬ ಹೆಸರಿನ ಇದೇ ಸೆಟ್ ಒತ್ತಕ್ಷರ ಬಂದ ಕಡೆಯೆಲ್ಲ ದೋಷ ತೋರಿಸಿ ನಿಲ್ಲುತ್ತದೆ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಇವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ.

ಕೊನೆಗೆ ಸಂಪರ್ಕದ ಕ್ಯಾರೆಕ್ಟರ್ ಸೆಟ್ಟನ್ನೂ ಯುಟಿಎಫ್8ಎಂಬಿ4 ಮಾಡಿ; ಪಿಎಚ್‌ಪಿಯಲ್ಲಿ ‘ಸೆಟ್ ಕ್ಯಾರ್‌ಸೆಟ್’, ವರ್ಡ್‌ಪ್ರೆಸ್‌ನಲ್ಲಿ ‘ಡಿಬಿ ಕ್ಯಾರ್‌ಸೆಟ್’. ಬರೀ ‘ಯುಟಿಎಫ್8’ ಸಾಕೆನ್ನಿಸಿದರೂ, 3 ಬೈಟಿನ ಆ ಸೆಟ್ಟಿನಲ್ಲಿ 4 ಬೈಟಿನ ಎಮೋಜಿ ಹಿಡಿಯುವುದಿಲ್ಲ.