ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ ತೆಗೆಯುವ ಕ್ರಮ

ಕಂಪ್ಯೂಟರಿನ ಪ್ರೊಸೆಸರ್‌ಗೂ ಅದರ ಶಾಖವನ್ನು ಹೀರಿಕೊಳ್ಳುವ ಲೋಹದ ಹೀಟ್‌ಸಿಂಕ್‌ಗೂ ನಡುವೆ ಬಳಿದ ಥರ್ಮಲ್ ಪೇಸ್ಟ್ ವರ್ಷಗಳು ಕಳೆದಂತೆ ಒಣಗಿ ಗಟ್ಟಿಯಾಗುತ್ತದೆ. ಅದರ ಮೇಲೆಯೇ ಹೊಸ ಪೇಸ್ಟ್ ಹಚ್ಚಿದರೆ ಪ್ರಯೋಜನವಿಲ್ಲ. ಎರಡೂ ಲೋಹಗಳ ಮೈಮೇಲಿರುವ ಅತಿ ಸಣ್ಣ ಕುಳಿಗಳನ್ನು ಗಾಳಿ ಉಳಿಯದಂತೆ ತುಂಬುವುದಷ್ಟೇ ಪೇಸ್ಟಿನ ಕೆಲಸ. ಪೇಸ್ಟ್ ಗಾಳಿಗಿಂತ ಎಷ್ಟೋ ಚೆನ್ನಾಗಿ ಶಾಖವನ್ನು ಸಾಗಿಸಿದರೂ ತಾಮ್ರಕ್ಕೆ ಸಮನಲ್ಲವಾದ್ದರಿಂದ, ಪದರ ದಪ್ಪವಾದಷ್ಟೂ ನಷ್ಟವೇ.

ಒರೆಸುವ ಕೆಲಸ ಸುಲಭ. ಹಾನಿಯಾಗುವುದು ಸಾಮಾನ್ಯವಾಗಿ ಅದಕ್ಕೂ ಮೊದಲು, ಹೀಟ್‌ಸಿಂಕ್ ಬಿಡಿಸುವಾಗ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ (ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ರೈಜೆನ್ ಪ್ರೊಸೆಸರ್‌ಗಳಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನ ಅಡಿಯಲ್ಲಿಯೇ, ಒಟ್ಟು 1331. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುವಾಗ ಹೀಟ್‌ಸಿಂಕನ್ನು ನೇರವಾಗಿ ಮೇಲಕ್ಕೆಳೆದರೆ, ಸಾಕೆಟ್ಟಿನ ಲಿವರ್ ಹಾಕಿದ್ದರೂ ಪ್ರೊಸೆಸರ್ ಅದರ ಜೊತೆಗೇ ಕಿತ್ತು ಬಂದು ಪಿನ್‌ಗಳು ಬಾಗಬಹುದು. ಆದ್ದರಿಂದ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಪವರ್ ಕೇಬಲ್ ತೆಗೆದು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಬೇಕು. ಫ್ಯಾನಿನ ವೈರ್ ಬಿಡಿಸಿ, ಸ್ಕ್ರೂ ಅಥವಾ ಕ್ಲಿಪ್ ಸಡಿಲಿಸಿದ ಬಳಿಕ ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತಿದ್ದರೆ ಹಿಡಿತ ತಾನಾಗಿ ಬಿಡುತ್ತದೆ. ಎತ್ತುವುದು ಆಮೇಲೆ.

ಸ್ವಚ್ಛಗೊಳಿಸಲು ಶೇ. 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್ ಸೂಕ್ತ. ಮೊಬೈಲ್ ರಿಪೇರಿ ಮಾಡುವವರು ಐಪಿಎ ಎಂದು ಕರೆಯುವುದು ಇದನ್ನೇ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸಿಗುತ್ತದೆ. ಮನೆಯಲ್ಲಿ ಉಳಿದ ಹ್ಯಾಂಡ್ ಸ್ಯಾನಿಟೈಸರ್ ಬಳಸಬಾರದು, ಏಕೆಂದರೆ ಅದರಲ್ಲಿನ ಗ್ಲಿಸರಿನ್ ಲೋಹದ ಮೇಲೆ ಜಿಡ್ಡಾಗಿ ಉಳಿಯುತ್ತದೆ. ನೈಲ್ ಪಾಲಿಶ್ ರಿಮೂವರ್‌ನಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸಬಹುದು. ಐಪಿಎ ಬೇಗ ಬೆಂಕಿ ಹತ್ತಿಕೊಳ್ಳುವ ದ್ರವ. ಕಿಟಕಿ ತೆರೆದಿಡಿ, ಹತ್ತಿರದಲ್ಲಿ ದೀಪ, ಊದುಬತ್ತಿ ಬೇಡ.

ದಪ್ಪ ಪದರವನ್ನು ಮೊದಲು ಒಣ ಬಟ್ಟೆಯಿಂದ ಅಥವಾ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ತೆಗೆಯಬೇಕು. ಸ್ಕ್ರೂಡ್ರೈವರ್, ಬ್ಲೇಡ್ ತಾಗಿಸಬಾರದು. ಬಳಿಕ ನೂಲು ಬಿಡದ ಮೈಕ್ರೋಫೈಬರ್ ಬಟ್ಟೆಗೆ ಐಪಿಎ ಹಾಕಿ, ಅಂಚಿನಿಂದ ನಡುವಿಗೆ ಒರೆಸಿ. ದ್ರವವನ್ನು ನೇರವಾಗಿ ಪ್ರೊಸೆಸರ್ ಮೇಲೆ ಸುರಿಯಬೇಡಿ, ಕರಗಿದ ಪೇಸ್ಟ್ ಸಾಕೆಟ್ಟಿಗೆ ಇಳಿಯುತ್ತದೆ. ಗಟ್ಟಿಯಾಗಿ ಹಿಡಿದ ಕಡೆ ಒದ್ದೆ ಬಟ್ಟೆಯನ್ನು ಒಂದು ನಿಮಿಷ ಹಾಗೆಯೇ ಇಟ್ಟರೆ ಪೇಸ್ಟ್ ಮೆತ್ತಗಾಗುತ್ತದೆ. ಬಟ್ಟೆಯ ಹೊಸ ಭಾಗಕ್ಕೆ ಬೂದುಬಣ್ಣ ಅಂಟುವುದು ನಿಲ್ಲುವವರೆಗೂ ಒರೆಸಬೇಕು. ಶಾಖ ಸಾಗಿಸುವ ಕೊಳವೆಗಳಾದ ಹೀಟ್‌ಪೈಪ್‌ಗಳೇ ಪ್ರೊಸೆಸರ್‌ಗೆ ನೇರವಾಗಿ ತಾಗುವ ಹೀಟ್‌ಸಿಂಕ್‌ಗಳಲ್ಲಿ ಪೈಪುಗಳ ನಡುವಿನ ಗೀರುಗಳಿಗೆ ಹಳೆಯ ಟೂತ್‌ಬ್ರಷ್ ಬೇಕಾಗುತ್ತದೆ. ತಾಮ್ರದ ಮೇಲೆ ಉಳಿಯುವ ಮಸುಕು ಕಲೆಯನ್ನು ಉಜ್ಜುತ್ತಾ ಕೂರಬೇಕಿಲ್ಲ.

ಎಎಂ4ರ ನಂತರ ಬಂದ ಎಎಂ5 ಸಾಕೆಟ್ಟಿನ ಪ್ರೊಸೆಸರ್‌ಗಳ ಲೋಹದ ಮುಚ್ಚಳದ ಸುತ್ತಲೂ ಕತ್ತರಿಸಿದ ಜಾಗಗಳಿದ್ದು, ಅಲ್ಲಿನ ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗಗಳ ನಡುವೆ ಪೇಸ್ಟ್ ಸೇರಿಕೊಳ್ಳುತ್ತದೆ. ವಿದ್ಯುತ್ ಹರಿಯಗೊಡದ ಸಾಧಾರಣ ಪೇಸ್ಟಾದರೆ, ಇಯರ್‌ಬಡ್‌ಗೆ ಸಿಗದಷ್ಟನ್ನು ಬಿಟ್ಟುಬಿಡುವುದೇ ಜಾಣತನ. ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳವೇ ಇಲ್ಲದೆ ಸಿಲಿಕಾನ್ ಚಿಪ್ ಬರಿದಾಗಿರುವುದರಿಂದ ಅಂಚಿನ ಮೇಲೆ ಒತ್ತಡ ಬೀಳದಂತೆ ಒರೆಸಬೇಕು. ಬೆಳ್ಳಿಯಂತೆ ಹೊಳೆಯುತ್ತ ಜಾರುವ ದ್ರವ ಕಂಡರೆ ಅದು ಪೇಸ್ಟಲ್ಲ, ಗ್ಯಾಲಿಯಂ ಬೆರೆತ ಲಿಕ್ವಿಡ್ ಮೆಟಲ್. ಅದು ವಿದ್ಯುತ್ತನ್ನು ಹರಿಯಬಿಡುತ್ತದೆ, ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಅದನ್ನು ಅನುಭವಿಗಳ ಕೈಗೆ ಬಿಡಿ.

ಸ್ವಚ್ಛವಾದ ಮೇಲ್ಮೈಯನ್ನು ಬೆರಳಿನಿಂದ ಮುಟ್ಟದೆ, ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ. ಫ್ಯಾನಿನ ವೈರನ್ನು ಮತ್ತೆ ಸಿಕ್ಕಿಸಿದ ನಂತರವೇ ಕಂಪ್ಯೂಟರ್ ಆನ್ ಮಾಡಿ, ಬಯೋಸ್‌ನಲ್ಲಿ (ಆನ್ ಆಗುವಾಗಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಪ್ರೊಸೆಸರ್‌ನ ತಾಪಮಾನವನ್ನು ನೋಡಿ. ಅದು ಸುಮ್ಮನೆ ಏರುತ್ತಲೇ ಇದ್ದರೆ ಕೂಡಲೇ ಆಫ್ ಮಾಡಿ, ಹೀಟ್‌ಸಿಂಕ್ ಸಮನಾಗಿ ಕೂತಿದೆಯೇ ಎಂದು ಪರೀಕ್ಷಿಸಬೇಕು.