ಜಂಬಿಟ್ಟಿಗೆ ನೆಲದಲ್ಲಿ ಕಳೆದ ಒಡವೆ ಹುಡುಕುವ ಬಗೆ: ಮಲೆನಾಡಿನವರಿಗೆ ಮೆಟಲ್ ಡಿಟೆಕ್ಟರ್ ಬಳಕೆಯ ಕ್ರಮ

ಮಲೆನಾಡಿನಲ್ಲಿ ಮೆಟಲ್ ಡಿಟೆಕ್ಟರನ್ನು ಕೈಯಲ್ಲಿ ಹಿಡಿದು ಹೊರಟವನಿಗೆ ದಾರಿಯಲ್ಲಿ ಸಿಕ್ಕವರೆಲ್ಲರೂ ಕೇಳುವುದು ಒಂದೇ ಪ್ರಶ್ನೆ: ನಿಧಿ ಸಿಕ್ಕಿತೇ? ಕೆಳದಿಯ ಅರಸರು ಆಳಿದ, 1763ರಲ್ಲಿ ಹೈದರಾಲಿಯ ಕೈಸೇರುವ ತನಕ ಬಿದನೂರಿನ ಸಿರಿವಂತಿಕೆಗೆ ಹೆಸರಾಗಿದ್ದ ಸೀಮೆಯಲ್ಲಿ ಆ ಪ್ರಶ್ನೆ ಹುಟ್ಟುವುದು ಸಹಜವೇ ಆಗಿದೆ. ಆದರೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನಾದ ನನಗೆ ಈ ಹವ್ಯಾಸ ಅಂಟಿಕೊಂಡದ್ದು ನಿಧಿಯಿಂದಲ್ಲ, ಅತ್ತಿಗೆಯವರು ಕಳೆದುಕೊಂಡ ಒಂದು ಬೆಂಡೋಲೆಯಿಂದ. ಈ ಬರಹವೂ ಅಂಥ ಹುಡುಕಾಟಕ್ಕೆ, ಅಂದರೆ ತೋಟ, ಗದ್ದೆ, ಅಂಗಳ, ಕೊಟ್ಟಿಗೆಗಳಲ್ಲಿ ಬಿದ್ದುಹೋದ ಉಂಗುರ, ಓಲೆ, ಕಾಲುಂಗುರ, ಹಳೆಯ ಬಿಡಿ ಕಾಸುಗಳ ಹುಡುಕಾಟಕ್ಕೆ ಸೀಮಿತವಾಗಿದೆ.

ಯಂತ್ರವನ್ನು ಕೊಳ್ಳುವುದಕ್ಕೂ ಮೊದಲು ಎಲ್ಲಿ ಅಗೆಯಬಾರದು ಎಂಬುದನ್ನು ತಿಳಿದುಕೊಂಡಿರಬೇಕು. ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಗಳಂಥ ರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧವಾಗುತ್ತದೆ. ಶೆಟ್ಟಿಹಳ್ಳಿ, ಶರಾವತಿ ಕಣಿವೆ ಅಭಯಾರಣ್ಯಗಳ ಮಾತು ಹೇಳುವುದೇ ಬೇಡ. ತೋಟದವರು ಹೆಚ್ಚಾಗಿ ಎಡವುವುದು ಸೊಪ್ಪಿನಬೆಟ್ಟದ ವಿಷಯದಲ್ಲಿ: ಅದು ನಾವು ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಹಕ್ಕಿರುವ ಜಾಗವೇ ಹೊರತು ಅಗೆಯುವ ಹಕ್ಕಿರುವ ಜಾಗವಲ್ಲ. ಇನ್ನು ಸ್ವಂತ ಜಮೀನಿನಲ್ಲಿಯೇ ಹೂತಿಟ್ಟ ನಾಣ್ಯದ ಗಡಿಗೆಯೋ ಹಳೆಯ ಒಡವೆಯ ಗಂಟೋ ಸಿಕ್ಕಿದರೂ ಅದು ತಾನಾಗಿಯೇ ನಮ್ಮದಾಗುವುದಿಲ್ಲ. ಭಾರತದಲ್ಲಿ 1878ರಿಂದಲೇ ನಿಧಿಗೆ ಸಂಬಂಧಿಸಿದ ಕಾಯಿದೆ ಇದ್ದು, ಕರ್ನಾಟಕಕ್ಕೆ 1962ರ ಪ್ರತ್ಯೇಕ ಅಧಿನಿಯಮವಿದೆ. ಸಿಕ್ಕಿದ್ದನ್ನು ಮುಚ್ಚಿಡದೆ ಆಡಳಿತಕ್ಕೆ ತಿಳಿಸುವುದು ಅದನ್ನು ಕಂಡವರ ಕರ್ತವ್ಯವಾಗಿರುತ್ತದೆ. ಅಂಥದೇನಾದರೂ ಕಂಡರೆ ಅಗೆತವನ್ನು ಅಲ್ಲಿಗೇ ನಿಲ್ಲಿಸಿ, ವಸ್ತುವನ್ನು ಕದಲಿಸದೆ, ತಹಶೀಲ್ದಾರರ ಕಚೇರಿಗೆ ಸುದ್ದಿ ಮುಟ್ಟಿಸುವುದು ಕ್ಷೇಮ. ನೂರು ವರ್ಷಕ್ಕಿಂತ ಹಳೆಯದಾದ ನಾಣ್ಯ, ವಿಗ್ರಹ, ಪಾತ್ರೆಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ ಎಂಬುದೂ ನೆನಪಿನಲ್ಲಿರಲಿ.

ಕಾನೂನಿನ ಜೊತೆಗೆ ಊರಿನ ಕಣ್ಣೂ ಇದೆ. ನಿಧಿಯಾಸೆಗೆ ನಂದಿಯ ಪೀಠ ಒಡೆದವರನ್ನು, ವೀರಗಲ್ಲು ಕಿತ್ತು ಮಲಗಿಸಿದವರನ್ನು ನಮ್ಮ ಹಳ್ಳಿಗಳು ಸಾಕಷ್ಟು ನೋಡಿವೆ. ಆದ್ದರಿಂದ ಬೇರೆಯವರ ಜಮೀನಿಗೆ ಹೋಗುವಾಗ ಮನೆಯ ಯಜಮಾನರ ಒಪ್ಪಿಗೆ ಪಡೆದು, ಅವರ ಪೈಕಿ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು, ಹಗಲು ಹೊತ್ತಿನಲ್ಲಿಯೇ ಕೆಲಸ ಮಾಡಬೇಕು. ಕತ್ತಲಾದ ಮೇಲೆ ಟಾರ್ಚು ಹಿಡಿದು ನೆಲ ಕೆದಕುವವನ ವಿವರಣೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಯಂತ್ರದ ತತ್ತ್ವ ಸರಳವಾದದ್ದು. ಕೋಲಿನ ತುದಿಯ ತಟ್ಟೆಯಲ್ಲಿ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಗೆ ಹಾಯಿಸುತ್ತದೆ. ಆ ಕ್ಷೇತ್ರಕ್ಕೆ ಸಿಕ್ಕಿದ ಲೋಹದಲ್ಲಿ ಸಣ್ಣ ಸುಳಿ ವಿದ್ಯುತ್ತು ಹುಟ್ಟಿ, ಅದು ಎಬ್ಬಿಸಿದ ಮರುಕ್ಷೇತ್ರವನ್ನು ಎರಡನೆಯ ಸುರುಳಿ ಹಿಡಿದು ಸದ್ದಾಗಿ ನಮಗೆ ತಿಳಿಸುತ್ತದೆ. ಹವ್ಯಾಸಿಗಳು ಬಳಸುವ ಹೆಚ್ಚಿನ ಯಂತ್ರಗಳು 5ರಿಂದ 20 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಕಂಪನ ಹೆಚ್ಚಿದಷ್ಟೂ ಸಣ್ಣ ಚಿನ್ನದ ವಸ್ತುಗಳು ಚೆನ್ನಾಗಿ ತಿಳಿಯುತ್ತವೆ, ಕಡಿಮೆಯಾದಷ್ಟೂ ಆಳದ ಬೆಳ್ಳಿ, ತಾಮ್ರಗಳು ತಿಳಿಯುತ್ತವೆ. ನಾಣ್ಯದಷ್ಟು ದೊಡ್ಡ ವಸ್ತು ಒಂದು ಗೇಣಿನ ಆಳದ ತನಕ ಸಿಕ್ಕಿದರೆ ಸಾಧಾರಣ ಯಂತ್ರಕ್ಕೆ ಅದೇ ದೊಡ್ಡದು. ಹತ್ತು ಅಡಿ ಆಳದ ಚಿನ್ನವನ್ನು ತೋರಿಸುವುದಾಗಿ ಹೇಳಿ ಮಾರುವ ಯಂತ್ರಗಳ ಜಾಹೀರಾತು ಕಂಡರೆ ದುಡ್ಡಿನ ಚೀಲವನ್ನು ಭದ್ರವಾಗಿ ಹಿಡಿದುಕೊಳ್ಳಿ.

ಕೊಳ್ಳುವಾಗ ನಮ್ಮ ಸೀಮೆಯವರು ಬಿಡಲೇಬಾರದ ಸೌಲಭ್ಯ ಒಂದೇ: ನೆಲಕ್ಕೆ ತಕ್ಕಂತೆ ಯಂತ್ರವನ್ನು ಕೈಯಿಂದಲೇ ಹೊಂದಿಸುವ ವ್ಯವಸ್ಥೆ, ಅಂದರೆ ಗ್ರೌಂಡ್ ಬ್ಯಾಲೆನ್ಸ್. ಇದಕ್ಕೆ ಕಾರಣ ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕನನ್ ಮಲಬಾರಿನಲ್ಲಿ ಕಂಡು ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದೇ ಕಲ್ಲಿಗೆ. ಇದರ ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡಿನದು. ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಎದ್ದ ಸೀಮೆ ಇದು. ಇಂಥ ನೆಲದ ಮೇಲೆ ಹೊಂದಿಸದ ಯಂತ್ರವನ್ನು ಆಡಿಸಿದರೆ ಅದು ನೆಲವನ್ನೇ ಲೋಹವೆಂದು ತಿಳಿದು ಹೆಜ್ಜೆಹೆಜ್ಜೆಗೂ ಕೂಗುತ್ತದೆ. ಹೊಂದಿಸುವ ಕ್ರಮ ಹೀಗಿದೆ. ಲೋಹದ ಸದ್ದಿಲ್ಲದ ಒಂದು ತಾವನ್ನು ಮೊದಲು ಹುಡುಕಿಕೊಳ್ಳಬೇಕು. ಅಲ್ಲಿ ತಟ್ಟೆಯನ್ನು ನೆಲಕ್ಕೆ ಸಮನಾಗಿ ಹಿಡಿದು, ಎರಡು ಬೆರಳಿನ ಎತ್ತರದಿಂದ ಒಂದು ಮೊಳದ ಎತ್ತರಕ್ಕೆ ಏರಿಸುತ್ತ ಇಳಿಸುತ್ತ, ಏರುವಾಗಲೂ ಇಳಿಯುವಾಗಲೂ ಸದ್ದು ಒಂದೇ ಸಮನಾಗುವ ತನಕ ಗುಂಡಿಯನ್ನು ತಿರುಗಿಸಬೇಕು. ಗದ್ದೆಯ ಕರಿ ಮಣ್ಣಿನಲ್ಲಿ ಹೊಂದಿಸಿದ್ದು ದರೆಯ ಮೇಲಿನ ಕೆಂಪು ಮಣ್ಣಿಗೆ ನಡೆಯುವುದಿಲ್ಲ. ಗದ್ದೆಯಿಂದ ತೋಟಕ್ಕೆ, ತೋಟದಿಂದ ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ಮತ್ತೆ ಮಾಡಬೇಕು. ಆಮೇಲೂ ಕಿರಿಕಿರಿ ಉಳಿದರೆ ಸೂಕ್ಷ್ಮತೆಯನ್ನು ಧಾರಾಳವಾಗಿ ತಗ್ಗಿಸಿ. ಸೂಕ್ಷ್ಮತೆ ತಗ್ಗಿಸಿದರೆ ಆಳ ಕಡಿಮೆಯಾಗುತ್ತದೆಂದು ಹೊಸಬರು ಹಿಂಜರಿಯುತ್ತಾರೆ, ಆದರೆ ಗಲಾಟೆಯ ನಡುವೆ ಮುಳುಗಿಹೋಗುವ ಸದ್ದಿಗಿಂತ ಕಡಿಮೆ ಆಳದ ಸ್ಪಷ್ಟ ಸದ್ದು ಎಷ್ಟೋ ಮೇಲು. ಸಣ್ಣ ಕಬ್ಬಿಣಗಲ್ಲಿನ ಉಂಡೆಗಳು ಮಾತ್ರ ಎಷ್ಟು ಹೊಂದಿಸಿದರೂ ಮೋಸ ಮಾಡುತ್ತವೆ. ತಟ್ಟೆಯನ್ನು ಸ್ವಲ್ಪ ಎತ್ತಿದೊಡನೆ ಸದ್ದು ಮಾಯವಾಗುವುದೂ ಒಂದು ದಿಕ್ಕಿನಿಂದ ಮಾತ್ರ ಕೇಳುವುದೂ ಅವುಗಳ ಗುರುತು.

ಸದ್ದು ಗಡಿಯಾರದಂತೆ ಸೆಕೆಂಡಿಗೊಮ್ಮೆ ಟಿಕ್ ಎಂದು ಬರುತ್ತಿದ್ದರೆ ನೆಲವನ್ನು ದೂರಬೇಡಿ. ಅದು ಕಾಡುಹಂದಿಗೆ ಹಾಕಿದ ಐಬೆಕ್ಸ್ ವಿದ್ಯುತ್ ಬೇಲಿಯ ಮಿಡಿತ. ಬೇಲಿಯನ್ನೂ ಪಂಪ್‌ಸೆಟ್ಟನ್ನೂ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ಕೆಲಸ ಮಾಡುವುದು ಸುಲಭ.

ಹೊಸ ಯಂತ್ರವನ್ನು ಮೊದಲ ವಾರ ಮನೆಯ ಹಿತ್ತಲು ಬಿಟ್ಟು ಹೊರಗೆ ಒಯ್ಯದಿರುವುದು ಉತ್ತಮ. ಒಂದು ರೂಪಾಯಿಯ ನಾಣ್ಯ, ಹಳೆಯ ಬೆಳ್ಳಿ ಕಾಲುಂಗುರ, ತುಕ್ಕು ಹಿಡಿದ ಮೊಳೆ, ಬಾಟಲಿಯ ಮುಚ್ಚಳ, ಮಾತ್ರೆಯ ಖಾಲಿ ಹಾಳೆ ಇವುಗಳನ್ನು ಎರಡು, ನಾಲ್ಕು, ಆರು ಇಂಚುಗಳ ಆಳದಲ್ಲಿ ಹೂತು, ಪ್ರತಿಯೊಂದರ ಮೇಲೂ ಕಡ್ಡಿ ನೆಟ್ಟು, ಯಾವುದರ ಸದ್ದು ಹೇಗೆ ಎಂದು ಕಿವಿಗೆ ಪಾಠ ಮಾಡಿಸಬೇಕು. ಮೊಳೆಯ ಪಕ್ಕದಲ್ಲೇ ಉಂಗುರವೊಂದನ್ನು ಹೂತು ನೋಡಿ. ಕಬ್ಬಿಣ ಹೇಗೆ ಚಿನ್ನದ ಸದ್ದನ್ನು ನುಂಗುತ್ತದೆ ಎಂಬುದು ಆಗ ಅರ್ಥವಾಗುತ್ತದೆ.

ಇನ್ನು ಹುಡುಕಾಟ. ಇದರ ಮುಕ್ಕಾಲು ಪಾಲು ನಡೆಯುವುದು ಜಗುಲಿಯ ಮೇಲೆ ಕುಳಿತು, ಕಳೆದುಕೊಂಡವರ ಮಾತು ಕೇಳುವುದರಲ್ಲಿ. ಒಡವೆಯನ್ನು ಕೊನೆಯ ಸಲ ಖಚಿತವಾಗಿ ನೋಡಿದ್ದು ಯಾವಾಗ, ಅಂದು ಏನೇನು ಕೆಲಸ ಮಾಡಿದಿರಿ, ಅಲ್ಲಿನ ಮಣ್ಣು, ಸೊಪ್ಪು, ಗೊಬ್ಬರ ಆಮೇಲೆ ಎಲ್ಲಿಗೆ ಹೋಯಿತು ಎಂಬ ಮೂರು ಪ್ರಶ್ನೆಗಳಲ್ಲಿ ಮೂರನೆಯದೇ ಮಲೆನಾಡಿನಲ್ಲಿ ಮುಖ್ಯವಾದದ್ದು, ಏಕೆಂದರೆ ನಮ್ಮಲ್ಲಿ ನೆಲ ಒಂದೇ ಕಡೆ ನಿಲ್ಲುವುದಿಲ್ಲ. ಅತ್ತಿಗೆಯವರ ಬೆಂಡೋಲೆ ಅಡಿಕೆ ಹೆಕ್ಕುವಾಗ ಬಿದ್ದಿತೆಂದು ಎಲ್ಲರೂ ನಂಬಿದ್ದರಿಂದ ನಾನು ಮೂರು ದಿನ ತೋಟವನ್ನೇ ಜಾಲಾಡಿದೆ. ನಾಲ್ಕನೆಯ ದಿನ ಮಾತಿನ ನಡುವೆ, ಅಂದು ಬೆಳಗ್ಗೆ ಹಾಲು ಕರೆಯುವಾಗ ದನ ತಲೆ ಬೀಸಿ ಕಿವಿಗೆ ತಾಗಿದ್ದು ಅವರಿಗೆ ನೆನಪಾಯಿತು. ಕೊಟ್ಟಿಗೆಯ ಸೊಪ್ಪು ಅಷ್ಟರಲ್ಲಿ ಗೊಬ್ಬರಗುಂಡಿಗೆ ಬಿದ್ದಿತ್ತು. ಗುಂಡಿಯ ಮೇಲ್ಪದರವನ್ನು ಬುಟ್ಟಿ ಬುಟ್ಟಿಯಾಗಿ ಎತ್ತಿ, ಗೋಣಿಚೀಲದ ಮೇಲೆ ಹರಡಿ, ಒಂದೊಂದರ ಮೇಲೂ ತಟ್ಟೆ ಆಡಿಸಿದಾಗ ಒಂಬತ್ತನೆಯ ಬುಟ್ಟಿಯಲ್ಲಿ ಓಲೆ ಸಿಕ್ಕಿತು. ಇನ್ನೆರಡು ತಿಂಗಳು ಕಳೆದಿದ್ದರೆ ಅದು ಗೊಬ್ಬರದ ಜೊತೆ ಯಾವುದೋ ಅಡಿಕೆ ಮರದ ಬುಡ ಸೇರಿರುತ್ತಿತ್ತು. ಮಳೆಗಾಲ ಕಳೆದ ಮೇಲಿನ ಹುಡುಕಾಟವಾದರೆ ನೀರಿನ ದಾರಿಯನ್ನೂ ನೋಡಬೇಕು: ಇಳಿಜಾರಿನ ಅಂಗಳದಲ್ಲಿ ಬಿದ್ದ ಹಗುರವಾದ ಓಲೆ ಬಸಿಗಾಲುವೆಯ ತಿರುವಿನಲ್ಲಿ, ಮರಳು ನಿಲ್ಲುವ ಕಡೆ ಸಿಗುವುದುಂಟು. ಚಿಕ್ಕ ಮೂಗುತಿಯನ್ನು ಹುಡುಕಿಕೊಡುವೆನೆಂದು ಮಾತು ಕೊಡಬೇಡಿ. ಅಷ್ಟು ಸಣ್ಣದು ಹೆಚ್ಚಿನ ಯಂತ್ರಗಳ ಕೈಗೆಟುಕುವುದಿಲ್ಲ.

ತೋಟದಲ್ಲಿ ಅಡಿಕೆ ಮರಗಳ ಸಾಲೇ ನಮಗೆ ಅಳತೆಯ ದಾರ. ಎರಡು ಸಾಲುಗಳ ನಡುವಿನ ಪಟ್ಟಿಯನ್ನು ಒಂದು ಘಟಕವೆಂದು ಇಟ್ಟುಕೊಂಡು, ಮುಗಿಸಿದ ಪಟ್ಟಿಯ ಕೊನೆಗೆ ಅಡಿಕೆ ಹಾಳೆಯ ತುಂಡೊಂದನ್ನು ಗುರುತಿಗೆ ಇಡುತ್ತ ಸಾಗಬೇಕು. ದಪ್ಪ ದರಗಿದ್ದರೆ ಮೊದಲು ಅದನ್ನು ಸರಿಸಿ, ಆ ದರಗನ್ನೂ ಒಮ್ಮೆ ಪರೀಕ್ಷಿಸಬೇಕು, ಏಕೆಂದರೆ ಹೊಸದಾಗಿ ಬಿದ್ದ ಒಡವೆ ಮಣ್ಣಿಗಿಂತ ದರಗಿನಲ್ಲೇ ಸಿಕ್ಕುವ ಸಂಭವ ಹೆಚ್ಚು. ತಟ್ಟೆ ನೆಲಕ್ಕೆ ಎರಡು ಬೆರಳಿನ ಎತ್ತರದಲ್ಲಿ ಸಮನಾಗಿ ಚಲಿಸಬೇಕು. ಬೀಸಿನ ಕೊನೆಯಲ್ಲಿ ಕತ್ತಿ ಬೀಸಿದಂತೆ ಮೇಲೆತ್ತುವುದು ಎಲ್ಲರೂ ಮಾಡುವ ತಪ್ಪು. ಪ್ರತಿ ಬೀಸೂ ಹಿಂದಿನದರ ಅರ್ಧದಷ್ಟನ್ನು ಹೊದ್ದುಕೊಂಡಿರಲಿ. ಸದ್ದು ಬಂದ ಜಾಗವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ದಾಟಿಸಿದರೆ ಎರಡು ಗೆರೆಗಳು ಕೂಡುವಲ್ಲಿ ವಸ್ತು ಇರುತ್ತದೆ.

ಯಂತ್ರದಲ್ಲಿ ಬೇಡದ ಲೋಹವನ್ನು ಮೌನವಾಗಿಸುವ ಸೌಲಭ್ಯ ಇರುತ್ತದೆ. ಚಿನ್ನ ಹುಡುಕುವಾಗ ಅದನ್ನು ಬಳಸುವುದರಲ್ಲಿ ಒಂದು ಕುತ್ತಿದೆ. ತೆಳುವಾದ ಚಿನ್ನದ ಓಲೆಯೂ ಅಲ್ಯೂಮಿನಿಯಂ ಹಾಳೆಯೂ ಯಂತ್ರದ ಪಾಲಿಗೆ ಹೆಚ್ಚುಕಡಿಮೆ ಒಂದೇ. ನಮ್ಮ ತೋಟಗಳಲ್ಲಿ ಆ ಹಾಳೆಯ ದೊಡ್ಡ ಮೂಲ ಯಾವುದೆಂದರೆ ಸಂಜೆ ಖಾಲಿಯಾಗಿ ಮರದ ಬುಡಕ್ಕೆ ಬೀಳುವ ಮದ್ಯದ ಟೆಟ್ರಾ ಪ್ಯಾಕ್, ಅದರ ಒಳಪದರದಲ್ಲಿ ಅಲ್ಯೂಮಿನಿಯಂ ಇರುತ್ತದೆ. ಒಂದು ಓಲೆಗೆ ಇಪ್ಪತ್ತು ಪೊಟ್ಟಣ ಅಗೆಯುವ ಸಹನೆ ಇಲ್ಲದವರಿಗೆ ಈ ಹವ್ಯಾಸ ಒಗ್ಗುವುದಿಲ್ಲ. ಕಬ್ಬಿಣವನ್ನು ಮಾತ್ರ ಮೌನವಾಗಿಸಿ ಉಳಿದ ಸದ್ದುಗಳನ್ನೆಲ್ಲ ನೋಡುವುದು ನನ್ನ ಪದ್ಧತಿ. ಎತ್ತಿನ ಲಾಳ, ಮುರಿದ ಕತ್ತಿಯಂಥ ದೊಡ್ಡ ಕಬ್ಬಿಣ ಆಗಲೂ ಬೆಲೆಬಾಳುವ ಲೋಹದಂತೆ ಕೂಗಿ ಕೈಗೆ ಸಿಗುತ್ತದೆ.

ಅಡಿಕೆ ಬೇರು ಮೇಲುಮೇಲೆಯೇ ಹರಡಿರುವುದರಿಂದ ಮರದ ಬುಡದಲ್ಲಿ ಗುದ್ದಲಿ, ಹಾರೆಗಳಿಗೆ ಕೆಲಸವಿಲ್ಲ. ಕಳೆ ತೆಗೆಯುವ ಸಣ್ಣ ಕುರ್ಪಿ ಸಾಕು. ಹುಲ್ಲಿರುವ ಅಂಗಳದಲ್ಲಾದರೆ ಮೂರು ಬದಿ ಕೊಯ್ದು, ನಾಲ್ಕನೆಯ ಬದಿಯನ್ನು ಬಾಗಿಲಿನಂತೆ ಉಳಿಸಿಕೊಂಡು ಹುಲ್ಲಿನ ಹೆಂಟೆಯನ್ನು ಮಗುಚಬೇಕು. ತೆಗೆದ ಮಣ್ಣು ಚೀಲದ ಮೇಲೆ ಬೀಳಲಿ. ಕೊನೆಗೆ ಅದೇ ಮಣ್ಣನ್ನು ತುಂಬಿ, ಹೆಂಟೆ ಮುಚ್ಚಿ, ಕಾಲಿನಿಂದ ಒತ್ತಿದರೆ ಗುರುತೇ ಉಳಿಯುವುದಿಲ್ಲ. ಪಂಪ್‌ಸೆಟ್ಟಿನ ವೈರು ನೆಲದಲ್ಲಿ ಹೋಗಿದ್ದರೆ ಅದರ ದಾರಿಯನ್ನು ಮನೆಯವರಿಂದ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಜಾತ್ರೆ ಮುಗಿದ ಬಯಲು ಒಳ್ಳೆಯ ಅಭ್ಯಾಸದ ಜಾಗ. ಸಾಗರದ ಮಾರಿಕಾಂಬಾ ಜಾತ್ರೆಯಂತೆ ಮೂರು ವರ್ಷಕ್ಕೊಮ್ಮೆ ಜನ ಕಿಕ್ಕಿರಿಯುವಲ್ಲಿ ಬೀಳುವ ಚಿಲ್ಲರೆಗೆ ಕೊರತೆ ಇರುವುದಿಲ್ಲ, ಸಮಿತಿಯವರ ಅನುಮತಿ ಮಾತ್ರ ಬೇಕು, ಸಿಕ್ಕ ಒಡವೆ ಅವರ ಕೈಸೇರಬೇಕು. ಆದರೆ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಗೆ ತುಂಗೆಗೆ ಬಿದ್ದ ಕಾಸು ಕಳೆದುಹೋದದ್ದಲ್ಲ, ಕೊಟ್ಟದ್ದು. ಅದನ್ನು ಹೊಳೆಗೇ ಬಿಡುವುದು ಸರಿ.

ಹಳೆಯ ಮನೆಯಂಗಳದಲ್ಲಿ 1943ರಿಂದ 1947ರ ನಡುವಿನ ತೂತಿನ ಕಾಸು, 1957ರಲ್ಲಿ ದಶಮಾಂಶ ಪದ್ಧತಿ ಬಂದ ನಂತರದ ನಯಾಪೈಸೆ ಸಿಕ್ಕುವುದು ಅಪರೂಪವಲ್ಲ. ಸಿಕ್ಕಿದೊಡನೆ ಹಿತ್ತಾಳೆ ಪಾತ್ರೆಗೆ ಮಾಡಿದಂತೆ ಹುಣಸೆಹಣ್ಣು ಹಚ್ಚಿ ಉಜ್ಜುವುದು ನಮ್ಮ ಮನೆಗಳ ಅಭ್ಯಾಸ. ಹಾಗೆ ಮಾಡಿದರೆ ತಾಮ್ರದ ಮೇಲೆ ದಶಕಗಳಿಂದ ಕಟ್ಟಿದ ಪೊರೆಯೂ ಅದರ ಜೊತೆ ಅಕ್ಷರಗಳ ಅಂಚೂ ಹೋಗಿಬಿಡುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಒಂದೆರಡು ದಿನ ನೆನೆಸಿ, ಸಡಿಲವಾದ ಮಣ್ಣನ್ನು ಬಿದಿರುಕಡ್ಡಿಯಿಂದ ಬಿಡಿಸಿ, ನೆರಳಿನಲ್ಲಿ ಒಣಗಿಸಿದರೆ ಸಾಕು.

ಕಾಲದ ಮಾತು ಉಳಿಯಿತು. ಮಳೆಗಾಲದಲ್ಲಿ ಉಂಬಳವೂ ಕೆಸರೂ ಬಿಡುವುದಿಲ್ಲ. ಬೇಸಿಗೆಯ ನಡುವೆ ಜಂಬಿಟ್ಟಿಗೆ ನೆಲ ಕಲ್ಲಾಗಿರುತ್ತದೆ. ಅನುಕೂಲವಾದ ಕಾಲ ಮಳೆ ನಿಂತ ಮೇಲೆ, ನೆಲದಲ್ಲಿ ಇನ್ನೂ ಪಸೆಯಿರುವ ತಿಂಗಳುಗಳು. ಅದರ ಬೆನ್ನಿಗೇ, ಡಿಸೆಂಬರಿನಿಂದ ಮೇ ತಿಂಗಳವರೆಗೆ, ಮಂಗನ ಕಾಯಿಲೆಯ ಕಾಲವೂ ಬರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗವನ್ನು ಹರಡುವ ಉಣುಗುಗಳು ಇರುವುದು ನಾವು ಮಂಡಿಯೂರಿ ಕೆದಕುವ ದರಗಿನಲ್ಲಿಯೇ. ಕಾಡಂಚಿನ ತೋಟವಾದರೆ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣುಗು ಕಚ್ಚದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಇವು ಬೇಕೇ ಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಆ ಕಡೆಗೆ ಹೋಗುವುದೇ ಬೇಡ, ಎಂಥ ಒಡವೆ ಕಳೆದಿದ್ದರೂ ಸರಿಯೇ.

ಜೂನ್ ಹತ್ತಿರವಾದಂತೆ ಯಂತ್ರವನ್ನು ಒರೆಸಿ, ತಟ್ಟೆಯ ಮುಚ್ಚಳ ಬಿಚ್ಚಿ ಒಳಗೆ ಸೇರಿದ ಕೆಂಪು ಮಣ್ಣನ್ನು ತೊಳೆದು, ಬ್ಯಾಟರಿಗಳನ್ನು ಹೊರತೆಗೆದು, ಒಲೆಯ ಬಿಸಿ ತಾಗುವ ಒಣ ಅಟ್ಟದ ಮೇಲೆ ಇಡಬೇಕು. ಬ್ಯಾಟರಿಯನ್ನು ಒಳಗೇ ಬಿಟ್ಟರೆ ಆಷಾಢ ಕಳೆಯುವುದರೊಳಗೆ ಅದು ಸೋರಿ, ತುದಿಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ.