ಹೊಸ ಉಪ್ಪುನೀರಿನ ಟ್ಯಾಂಕ್: ಸೈಕಲ್ ಮುಗಿಸೋದು ಹೇಗೆ, ಆಮೇಲೆ ಬರೋ ಪಾಚಿಗೆ ಏನ್ ಮಾಡೋದು

ಟ್ಯಾಂಕ್‌ಗೆ ಉಪ್ಪುನೀರು ತುಂಬಿ ಪಂಪ್ ಆನ್ ಮಾಡಿದ ತಕ್ಷಣ ಎಲ್ರೂ ಕೇಳೋದು ಒಂದೇ, ಮೀನು ಯಾವಾಗ ಬಿಡಬಹುದು ಅಂತ. ಇಷ್ಟೇ ದಿನ ಅಂತ ಹೇಳೋಕಾಗಲ್ಲ, ಸೈಕಲ್ (ಅಂದ್ರೆ ಗಲೀಜನ್ನ ಅರಗಿಸೋ ಬ್ಯಾಕ್ಟೀರಿಯಾ ಟ್ಯಾಂಕಲ್ಲಿ ಸಾಕಷ್ಟು ಬೆಳೆಯೋದು) ಮುಗೀತು ಅಂತ ಟೆಸ್ಟ್ ಕಿಟ್ ಹೇಳಿದಾಗ ಬಿಡಬೇಕು ಅಷ್ಟೇ. ಬಾಟಲ್ ಬ್ಯಾಕ್ಟೀರಿಯಾ ಹಾಕಿದ್ರೆ ಒಂದೆರಡು ವಾರದಲ್ಲೇ ಆಗ್ಬಹುದು, ಬರೀ ಡ್ರೈ ರಾಕ್ (ಜೀವ ಇಲ್ಲದ ಒಣ ಕಲ್ಲು) ಇಟ್ಕೊಂಡು ಕಾಯ್ತಾ ಇದ್ರೆ ಆರು ವಾರ ಹಿಡಿದ್ರೂ ಗಾಬರಿ ಬೇಡ.

ಒಳಗೆ ನಡೆಯೋದು ಇಷ್ಟು. ಮೀನಿನ ಗಲೀಜು, ಉಳಿದ ಫುಡ್ ಕೊಳೆತು ಅಮೋನಿಯಾ ಆಗತ್ತೆ, ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಇನ್ನೊಂದು ಗುಂಪು ಅದನ್ನ ನೈಟ್ರೇಟ್ ಮಾಡತ್ತೆ. ಇವು ನೀರಲ್ಲಿ ತೇಲಾಡ್ಕೊಂಡು ಇರೋದು ತೀರಾ ಕಮ್ಮಿ, ಕಲ್ಲಿಗೆ ಮರಳಿಗೆ ಅಂಟ್ಕೊಂಡು ಬೆಳೆಯತ್ವೆ. ಹಾಗಾಗಿ ಲೈವ್ ರಾಕ್ (ಬ್ಯಾಕ್ಟೀರಿಯಾ ಆಗ್ಲೇ ಅಂಟ್ಕೊಂಡಿರೋ ಕಲ್ಲು) ಹಾಕಿದ್ರೆ ಬೇಗ ಆಗತ್ತೆ, ಆದ್ರೆ ಹಳೇ ಟ್ಯಾಂಕ್ ನೀರು ತಂದು ಸುರಿದ್ರೆ ಹೇಳ್ಕೊಳ್ಳೋವಂಥ ಉಪಯೋಗ ಏನೂ ಇಲ್ಲ.

ನೀರಿನ ವಿಷಯದಲ್ಲಿ ಮಾತ್ರ ಕಾಂಪ್ರಮೈಸ್ ಮಾಡ್ಬೇಡಿ. ಆರ್‌ಓ-ಡಿಐ ನೀರು (ಆರ್‌ಓ ಫಿಲ್ಟರ್, ಆಮೇಲೆ ಡಿಐ ರೆಸಿನ್ ದಾಟಿಸಿ ಶುದ್ಧ ಮಾಡಿದ್ದು) ಬೇಕು, ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಅಂಶ, ಸೊನ್ನೆ ತೋರಿಸ್ಬೇಕು, ಯಾಕಂದ್ರೆ ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾನ ಕೊಲ್ಲತ್ತೆ, ಅದರಲ್ಲಿರೋ ಸಿಲಿಕೇಟ್, ಫಾಸ್ಫೇಟ್ ಆಮೇಲೆ ಪಾಚಿಗೆ ಊಟ ಆಗತ್ತೆ. ಉಪ್ಪು 35 ಪಿಪಿಟಿ (ಸಾವಿರದಲ್ಲಿ 35 ಭಾಗ), ಅಂದ್ರೆ ಸ್ಪೆಸಿಫಿಕ್ ಗ್ರಾವಿಟಿ 1.026 ಹತ್ರ, ಟೆಂಪರೇಚರ್ 25-26 ಡಿಗ್ರಿ. ನೀರು ಆವಿಯಾಗಿ ಕಮ್ಮಿ ಆದಾಗ ಬರೀ ಸಿಹಿನೀರು ಹಾಕಿ, ಉಪ್ಪು ಆವಿ ಆಗಲ್ಲ, ಒಳಗೇ ಉಳಿಯತ್ತೆ.

ಈಗ ಅಮೋನಿಯಾ. ದಯವಿಟ್ಟು ಮೀನು ಬಿಟ್ಟು ಸೈಕಲ್ ಮಾಡ್ಬೇಡಿ, ಅದು ಗಟ್ಟಿ ಮೀನು, ತಡ್ಕೊಳ್ಳತ್ತೆ ಅಂತ ಯಾರಾದ್ರೂ ಹೇಳಿದ್ರೂ ಸರಿ, ಅಮೋನಿಯಾ ಅದರ ಕಿವಿರನ್ನ ಸುಡತ್ತೆ, ಉಪ್ಪುನೀರಿನ ಪಿಹೆಚ್ 8ರ ಮೇಲೇ ಇರೋದ್ರಿಂದ ವಿಷ ಇನ್ನೂ ಜೋರು. ಅಮೋನಿಯಂ ಕ್ಲೋರೈಡ್ ದ್ರಾವಣ ಸಿಗತ್ತೆ, ಅದನ್ನ ಹಾಕಿ ಅಮೋನಿಯಾ 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ 2 ಭಾಗ) ತನ್ನಿ. 5 ದಾಟಿಸ್ಬೇಡಿ, ಬ್ಯಾಕ್ಟೀರಿಯಾದ ಕೆಲಸಾನೇ ನಿಧಾನ ಆಗ್ಬಿಡತ್ತೆ. ಬಾಟಲ್ ಬ್ಯಾಕ್ಟೀರಿಯಾ ಹಾಕೋ ದಿನಗಳಲ್ಲಿ ಯುವಿ ಲ್ಯಾಂಪ್, ಸ್ಕಿಮ್ಮರ್ (ನೊರೆ ಮಾಡಿ ಗಲೀಜು ತೆಗೆಯೋ ಯಂತ್ರ) ಎರಡೂ ಆಫ್ ಇರ್ಲಿ, ಲೈಟೂ ಬೇಡ, ಬ್ಯಾಕ್ಟೀರಿಯಾಗೆ ಬೆಳಕು ಬೇಕಾಗಿಲ್ಲ, ಪಾಚಿಗೆ ಬೇಕು.

ಅಮೋನಿಯಾ ಇಳಿಯೋಕೆ ಶುರುವಾದ್ಮೇಲೆ ಮತ್ತೆ 2ಕ್ಕೆ ಏರ್ಸಿ, ಮಾರನೇ ದಿನ ಅದೇ ಟೈಮ್‌ಗೆ ಟೆಸ್ಟ್ ಮಾಡಿ. 24 ಗಂಟೇಲಿ ಸೊನ್ನೆಗೆ ಬಂತಾ, ಸೈಕಲ್ ಆಯ್ತು. ಸಿಹಿನೀರಿನ ಟ್ಯಾಂಕ್ ಇಟ್ಟು ಅಭ್ಯಾಸ ಇರೋರು ನೈಟ್ರೈಟ್ ಇನ್ನೂ ಕಾಣ್ತಿದೆ ಅಂತ ತುಂಬ ತಲೆಕೆಡಿಸ್ಕೊಳ್ತಾರೆ, ಆದ್ರೆ ಸಮುದ್ರದ ನೀರಲ್ಲಿ ಕ್ಲೋರೈಡ್ ಅಷ್ಟೊಂದು ಇರೋದ್ರಿಂದ ನೈಟ್ರೈಟ್ ಮೀನಿನ ರಕ್ತಕ್ಕೆ ಹೋಗೋದೇ ಕಷ್ಟ, ಹಾಗಾಗಿ ಇಲ್ಲಿ ಅದರ ಅಪಾಯ ತುಂಬಾ ಕಮ್ಮಿ. ಅದು ನೈಟ್ರೇಟ್ ಟೆಸ್ಟನ್ನ ಮಾತ್ರ ಹಾಳು ಮಾಡತ್ತೆ, ಇಲ್ಲದ ನೈಟ್ರೇಟ್ ಜಾಸ್ತಿ ತೋರ್ಸತ್ತೆ, ಅದೊಂದು ನೆನಪಿರ್ಲಿ. ಕೊನೇಲಿ ದೊಡ್ಡದೊಂದು ವಾಟರ್ ಚೇಂಜ್, ಆಮೇಲೆ ಒಂದೋ ಎರಡೋ ಸಣ್ಣ ಮೀನು, ಅಷ್ಟೇ, ಒಂದೇ ಸಲ ಹತ್ತು ತಂದ್ರೆ ಇರೋ ಬ್ಯಾಕ್ಟೀರಿಯಾ ಸಾಲಲ್ಲ.

ಇನ್ನು ಪಾಚಿ. ಲೈಟ್ ಹಾಕಿದ ಮೇಲೆ ಬಿಳೀ ಮರಳು, ಬಿಳೀ ಕಲ್ಲು ಎಲ್ಲ ಕಂದು ಬಣ್ಣಕ್ಕೆ ತಿರುಗತ್ತೆ, ತುಂಬ ಜನ ಇಲ್ಲೇ ಹೆದರಿ ಏನೇನೋ ಕೆಮಿಕಲ್ ತಂದು ಸುರಿಯೋದು. ಬೆರಳಲ್ಲಿ ಒರೆಸಿದ್ರೆ ಪುಡಿ ಥರ ಬಂದು ನೀರಲ್ಲಿ ಹೊಗೆಯಾಗಿ ಹರಡಿದ್ರೆ ಅದು ಡಯಾಟಮ್ ಅನ್ನೋ ಕಂದು ಪಾಚಿ. ಸಿಲಿಕೇಟ್ ತಿಂದು ಬೆಳೆಯತ್ತೆ, ಅದು ಮುಗಿದ ಮೇಲೆ ಕೆಲವು ವಾರದಲ್ಲಿ ತಾನೇ ಹೋಗತ್ತೆ. ಏನೂ ಹಾಕ್ಬೇಡಿ, ಗಾಜು ಒರೆಸಿ, ಮರಳಿನ ಮೇಲ್ಪದರ ಸ್ವಲ್ಪ ಸೈಫನ್ ಮಾಡಿ (ಪೈಪಲ್ಲಿ ನೀರಿನ ಜೊತೆ ಎಳೆದು ತೆಗೀರಿ), ಬಿಟ್ಬಿಡಿ. ತಿಂಗಳುಗಟ್ಟಲೆ ಹೋಗ್ತಾನೇ ಇಲ್ಲ ಅಂದ್ರೆ ಡಿಐ ರೆಸಿನ್ ಚೆಕ್ ಮಾಡಿ, ಮುಗಿದಿರಬಹುದು. ಟ್ರೋಕಸ್, ಸೆರಿತ್ ಬಸವನಹುಳ ತರೋದಿದ್ರೆ ಇದೇ ಟೈಮ್, ಅದಕ್ಕೂ ಮುಂಚೆ ತಂದ್ರೆ ತಿನ್ನೋಕೆ ಏನೂ ಇಲ್ಲದೆ ಸಾಯ್ತವೆ. ಉಪ್ಪಿನ ಅಂಶ ಸಡನ್ ಆಗಿ ಬದಲಾದ್ರೆ ಅವಕ್ಕೆ ಆಗಲ್ಲ, ತಂದ ನೀರಿಗೆ ಟ್ಯಾಂಕ್ ನೀರನ್ನ ಹನಿ ಹನಿಯಾಗಿ ನಿಧಾನಕ್ಕೆ ಸೇರಿಸಿ (ಡ್ರಿಪ್) ಆಮೇಲೆ ಬಿಡಿ, ತಾಮ್ರ ಇರೋ ಔಷಧಿ ಹಾಕಿದ್ರಂತೂ ಬದುಕೋದೇ ಇಲ್ಲ.

ಕೂದಲಿನ ಥರ ಹಸಿರು ಪಾಚಿ ಬಂದ್ರೆ ಕೈಯಲ್ಲೇ ಕಿತ್ತು ಹೊರಗೆ ಹಾಕಿ, ಫುಡ್ ಕಮ್ಮಿ ಮಾಡಿ, ಲೈಟ್ ಟೈಮ್ ಇಳಿಸಿ. ಡ್ರೈ ರಾಕ್ ಎಷ್ಟೋ ದಿನ ಫಾಸ್ಫೇಟ್ ಬಿಡ್ತಾನೇ ಇರತ್ತೆ, ಪಾಚಿನೇ ಅದನ್ನ ಹೀರ್ಕೊಂಡ್ಬಿಡೋದ್ರಿಂದ ಟೆಸ್ಟಲ್ಲಿ ಸೊನ್ನೆ ಬಂದ್ರೂ ನಂಬೋಕಾಗಲ್ಲ. ಕೆಂಪು ಜಾರೋ ಹಾಳೆ ಥರ ಎದ್ದು ಬಂದ್ರೆ ಅದು ಸಯನೋಬ್ಯಾಕ್ಟೀರಿಯಾ, ಪಾಚಿನೇ ಅಲ್ಲ, ಸೈಫನಲ್ಲಿ ಎಳೆದು ಆ ಜಾಗಕ್ಕೆ ನೀರಿನ ಹರಿವು ಜಾಸ್ತಿ ಮಾಡಿ.

ನಿಜವಾಗ್ಲೂ ಹುಷಾರಾಗಿರ್ಬೇಕಾಗಿದ್ದು ಡೈನೋಫ್ಲ್ಯಾಜೆಲೇಟ್ಸ್ (ಡೈನೋ) ಅನ್ನೋ ಒಂದೇ ಕೋಶದ ಸೂಕ್ಷ್ಮಜೀವಿಗೆ, ಅದೂ ಕಂದು ಬಣ್ಣನೇ, ಆದ್ರೆ ಲೋಳೆ ಲೋಳೆ ಎಳೆ, ತುದೀಲಿ ಗಾಳಿಗುಳ್ಳೆ, ರಾತ್ರಿ ಕಮ್ಮಿ ಆಗಿ ಲೈಟ್ ಬಂದ ಮೇಲೆ ಮತ್ತೆ ಹಾಜರ್. ಡೌಟ್ ಇದ್ರೆ ಸ್ವಲ್ಪ ಎಳ್ಕೊಂಡು ಸಣ್ಣ ಬಾಟಲಲ್ಲಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಲ್ಲಿ ಸೋಸಿ, ಸೋಸಿದ ನೀರನ್ನ ಬೆಳಕಲ್ಲಿ ಒಂದು ಗಂಟೆ ಇಡಿ, ಮತ್ತೆ ಒಟ್ಟುಗೂಡಿ ಎಳೆ ಕಟ್ಕೊಂಡ್ರೆ ಹೆಚ್ಚುಕಮ್ಮಿ ಡೈನೋನೇ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಹೋದ ಟ್ಯಾಂಕಲ್ಲೇ ಇದು ಜಾಸ್ತಿ ಬರೋದು, ಅದಕ್ಕೇ ಮೊದಲಿಂದನೂ ನೀರನ್ನ ಅತಿಯಾಗಿ ಕ್ಲೀನ್ ಮಾಡೋಕೆ ಹೋಗ್ಬೇಡಿ ಅನ್ನೋದು, ನೈಟ್ರೇಟ್ 5-10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗೆ ಇದ್ರೆ ಸಾಕು. ಬಂದ್ಬಿಟ್ಟಿದ್ರೆ ವಾಟರ್ ಚೇಂಜ್ ನಿಲ್ಲಿಸಿ, ಫಾಸ್ಫೇಟ್ ತೆಗೆಯೋಕೆ ಫಿಲ್ಟರಲ್ಲಿ ಹಾಕಿರೋ ಮೀಡಿಯಾ ಇದ್ರೆ ಹೊರಗೆ ತೆಗೀರಿ, ಮೀನಿಗೆ ಸ್ವಲ್ಪ ಜಾಸ್ತಿ ಫುಡ್ ಹಾಕಿ ನಂಬರ್ ಮೇಲಕ್ಕೆ ಬರೋವರ್ಗೂ ದಿನಾ ಟೆಸ್ಟ್ ಮಾಡ್ತಾ ಇರಿ.